ಐವತ್ತೆಂಟು ಕೌಂಟಿ, ಒಂದು ಬಣ್ಣದ ಪೆನ್ಸಿಲ್

ಬೆಂಗಳೂರಿನಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದವರು ಸ್ಯಾನ್ ಫ್ರಾನ್ಸಿಸ್ಕೊ ಕೌಂಟಿಯಲ್ಲಿ, ಅಂದರೆ ಆ ಹೆಸರಿನ ಜಿಲ್ಲೆಯಲ್ಲಿ, ಇಳಿದಿರುವುದಿಲ್ಲ. ನಿಲ್ದಾಣದ ಒಡೆತನ ಆ ನಗರದ್ದು, ಆದರೆ ಅದು ನಿಂತಿರುವ ನೆಲ ಸ್ಯಾನ್ ಮಟೇಯೊ ಕೌಂಟಿಯದ್ದು. ಅಲ್ಲಿಂದ ಟ್ಯಾಕ್ಸಿ ಹಿಡಿದು ದಕ್ಷಿಣಕ್ಕೆ ಸ್ಯಾನ್ ಹೋಸೆಗೋ ಸನ್ನಿವೇಲಿಗೋ ಹೋದರೆ ಸ್ಯಾಂಟಾ ಕ್ಲಾರಾ ಕೌಂಟಿ ಸಿಗುತ್ತದೆ. ಹೋದ ಕೌಂಟಿಗಳಿಗೆ ಬಣ್ಣ ತುಂಬುವ ನಕ್ಷೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಳಿಯಾಗಿಯೇ ಉಳಿಯುತ್ತದೆ. ಈ ವ್ಯತ್ಯಾಸ ಕೇಳಿ ಯಾರಿಗೆ ನಕ್ಷೆ ತೆರೆದು ನೋಡಬೇಕೆನಿಸುತ್ತದೋ ಅವರಿಗೆ ಈ ಹವ್ಯಾಸ ಹಿಡಿಸುತ್ತದೆ.

ಹವ್ಯಾಸ ಇಷ್ಟೇ: ಒಂದು ರಾಜ್ಯದ ಎಲ್ಲ ಕೌಂಟಿಗಳಿಗೂ ಒಮ್ಮೆ ಹೋಗಿ ಬರುವುದು, ಹೋದದ್ದನ್ನು ನಕ್ಷೆಯಲ್ಲಿ ಬಣ್ಣ ತುಂಬಿ ಗುರುತಿಸುವುದು. ಅಮೆರಿಕದಲ್ಲಿ ಇದು ಹಳೆಯ ಗೀಳು. ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳನ್ನು ಮುಗಿಸಲು ಹೊರಟವರ ‘ಎಕ್ಸ್‌ಟ್ರಾ ಮೈಲರ್ ಕ್ಲಬ್’ 1973ರಿಂದ ಇದೆ. ಅಷ್ಟು ದೊಡ್ಡ ಸಂಕಲ್ಪ ಎಲ್ಲರಿಗೂ ಬೇಕಿಲ್ಲ. ಒಂದು ರಾಜ್ಯ ಸಾಕು. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ, ಜಾರ್ಜಿಯಾದಲ್ಲಿ 159, ಡೆಲವೇರ್‌ನಲ್ಲಿ ಮೂರೇ ಮೂರು. ಕ್ಯಾಲಿಫೋರ್ನಿಯಾದ 58 ಇವುಗಳ ನಡುವಿನ ಹದವಾದ ಸಂಖ್ಯೆ. ಕೆಲಸಕ್ಕೆ ಹೋಗುವವರು ವಾರಾಂತ್ಯ ಮತ್ತು ಉದ್ದ ರಜೆಗಳನ್ನು ಕೂಡಿಸಿ ಎರಡು ಮೂರು ವರ್ಷಗಳಲ್ಲಿ ಮುಗಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆ ದೊಡ್ಡದು. ಆದ್ದರಿಂದ ಇಲ್ಲಿನ ಲೆಕ್ಕವನ್ನೆಲ್ಲ ಸ್ಯಾನ್ ಹೋಸೆಯಿಂದ ಹೊರಡುವವರಿಗೆ ಹೊಂದುವಂತೆ ಹಾಕಲಾಗಿದೆ.

ಕೌಂಟಿಯನ್ನು ನಮ್ಮ ಜಿಲ್ಲೆ ಎಂದುಕೊಂಡರೆ ಬಹುಮಟ್ಟಿಗೆ ಸರಿಯೇ. ಆದರೆ ಅಲ್ಲಿ ಸರ್ಕಾರ ಕಳಿಸಿದ ಜಿಲ್ಲಾಧಿಕಾರಿ ಇರುವುದಿಲ್ಲ. ಸಾಮಾನ್ಯವಾಗಿ ಐವರು ಚುನಾಯಿತ ಮೇಲ್ವಿಚಾರಕರ ಮಂಡಳಿ ಆಡಳಿತ ನಡೆಸುತ್ತದೆ, ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಕೂಡ ಮತ ಪಡೆದೇ ಬರುತ್ತಾರೆ. ಗಾತ್ರದಲ್ಲಂತೂ ಅಳತೆ ಹದಗೆಡುತ್ತದೆ. ಸ್ಯಾನ್ ಬರ್ನಾರ್ಡಿನೊ ಕೌಂಟಿ ಸುಮಾರು 52,000 ಚದರ ಕಿಲೋಮೀಟರ್, ಅಂದರೆ ಇಡೀ ಕೇರಳಕ್ಕಿಂತ ದೊಡ್ಡದು, ನಮ್ಮ ಬೆಳಗಾವಿ ಜಿಲ್ಲೆಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ಸ್ಯಾನ್ ಫ್ರಾನ್ಸಿಸ್ಕೊ ಕೌಂಟಿಯ ನೆಲ ಸುಮಾರು 120 ಚದರ ಕಿಲೋಮೀಟರ್ ಮಾತ್ರ. 2020ರ ಜನಗಣತಿಯಲ್ಲಿ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಒಂದು ಕೋಟಿ ಜನರಿದ್ದರು, ಆಲ್ಪೈನ್ ಕೌಂಟಿಯಲ್ಲಿ 1,204 ಮಂದಿ. ಎರಡಕ್ಕೂ ನಕ್ಷೆಯಲ್ಲಿ ಒಂದೇ ಬೆಲೆ, ಒಂದೊಂದು ಗುರುತು. ಈ ಹವ್ಯಾಸದ ಜೀವಾಳವೇ ಅದು. ಯಾರೂ ಹೋಗದ ಊರಿಗೂ ಎಲ್ಲರೂ ಹೋಗುವ ಊರಿಗೂ ಪಟ್ಟಿಯಲ್ಲಿ ಸಮಾನ ಸ್ಥಾನ.

ಇನ್ನೊಂದು ಅನುಕೂಲವಿದೆ. ಪಟ್ಟಿ ಅಲುಗಾಡುವುದಿಲ್ಲ. 1850ರಲ್ಲಿ 27 ಕೌಂಟಿಗಳಿಂದ ಆರಂಭವಾದ ರಾಜ್ಯವಿದು. ಒಡೆಯುತ್ತ ಒಡೆಯುತ್ತ ಹೋಗಿ, 1907ರಲ್ಲಿ ಸ್ಯಾನ್ ಡಿಯಾಗೊದಿಂದ ಇಂಪೀರಿಯಲ್ ಕೌಂಟಿ ಬೇರೆಯಾದ ಮೇಲೆ ನಿಂತುಬಿಟ್ಟಿತು. ಕರ್ನಾಟಕದ ಮೂವತ್ತೂ ಜಿಲ್ಲೆ ಮುಗಿಸಿದೆ ಎಂದು 2020ರಲ್ಲಿ ಹೇಳಿಕೊಂಡವರಿಗೆ ಮರುವರ್ಷವೇ ವಿಜಯನಗರ ಸೇರಿ ಮೂವತ್ತೊಂದಾಯಿತು. ಹಂಪಿ ನೋಡಿದ್ದವರು ಮಾತ್ರ ಕೂತಲ್ಲೇ ಪಾಸಾದರು. ಕ್ಯಾಲಿಫೋರ್ನಿಯಾದಲ್ಲಿ ಒಂದು ಕೌಂಟಿ ಅಳಿದುಹೋದ ಉದಾಹರಣೆಯೂ ಇದೆ: ಕ್ಲಾಮತ್ ಕೌಂಟಿಯನ್ನು 1874ರಲ್ಲಿ ರದ್ದು ಮಾಡಿ ನೆರೆಯವರಿಗೆ ಹಂಚಿದರು. ಹಳೆಯ ನಕ್ಷೆಯಲ್ಲಿ ಆ ಹೆಸರು ಕಂಡರೆ ಹುಡುಕಿಕೊಂಡು ಹೋಗಬೇಡಿ.

ಈಗ ನಿಯಮದ ಮಾತು. ‘ಹೋದೆ’ ಅನ್ನುವುದಕ್ಕೆ ಏನರ್ಥ? ಗಡಿ ದಾಟಿ ಚಕ್ರ ಒಳಗೆ ಉರುಳಿದರೆ ಸಾಕು ಎನ್ನುವವರಿದ್ದಾರೆ. ಕಾಲು ನೆಲಕ್ಕೆ ತಾಗಬೇಕು ಎನ್ನುವವರಿದ್ದಾರೆ. ಒಂದು ರಾತ್ರಿ ಕಳೆಯಬೇಕು, ಕೌಂಟಿಯ ಅತಿ ಎತ್ತರದ ಶಿಖರ ಏರಬೇಕು ಎಂದು ಕಟ್ಟುಪಾಡು ಹಾಕಿಕೊಂಡವರೂ ಉಂಟು. ಮೇಲೆ ಹಾರಿದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಖಚಿತ ಅಭಿಪ್ರಾಯ: ಕೌಂಟಿ ಕೇಂದ್ರವನ್ನು ಮುಟ್ಟಿ ಬರುವುದೇ ಸರಿಯಾದ ನಿಯಮ. ಆಡಳಿತ ಕಚೇರಿ ಮತ್ತು ನ್ಯಾಯಾಲಯ ಇರುವ ಊರಿಗೆ ಹೋಗಬೇಕು, ಇಳಿಯಬೇಕು, ಒಂದು ಗಂಟೆ ನಡೆಯಬೇಕು.

ಕಾರಣ ಇದೆ. ಬರೀ ಗಡಿ ದಾಟುವ ನಿಯಮ ಹಿಡಿದರೆ ಹೆದ್ದಾರಿಗಳು ಕೌಂಟಿಗಳನ್ನು ಪುಕ್ಕಟೆಯಾಗಿ ಕೊಟ್ಟುಬಿಡುತ್ತವೆ. ಮೆಕ್ಸಿಕೊ ಗಡಿಯಿಂದ ಒರೆಗಾನ್‌ವರೆಗೆ ಅಂತರರಾಜ್ಯ ಹೆದ್ದಾರಿ 5 ಹಿಡಿದು ಹೋದವರಿಗೆ 16 ಕೌಂಟಿ ಸಿಗುತ್ತವೆ. ಆದರೆ ಕಿಂಗ್ಸ್ ಕೌಂಟಿಯಲ್ಲಿ ಅವರು ಕಂಡದ್ದು ಕೆಟಲ್‌ಮನ್ ಸಿಟಿಯ ಪೆಟ್ರೋಲ್ ಬಂಕು ಅಷ್ಟೇ. ಕೇಂದ್ರವಾದ ಹ್ಯಾನ್‌ಫರ್ಡ್ ಅಲ್ಲಿಂದ ಸಾಕಷ್ಟು ದೂರ. ಹೆದ್ದಾರಿ 101ರಲ್ಲಿ ಗಿಲ್‌ರಾಯ್ ದಾಟಿ ಸಲೀನಾಸ್‌ಗೆ ಹೋಗುವವರು ನಡುವೆ ಕೆಲವೇ ಮೈಲಿ ಸ್ಯಾನ್ ಬೆನಿಟೊ ಕೌಂಟಿಯಲ್ಲಿರುತ್ತಾರೆ, ಬಹುತೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಹೆದ್ದಾರಿ 395 ನೆವಾಡಾದಿಂದ ಮರಳಿ ಬರುವಾಗ ಸಿಯೆರಾ ಕೌಂಟಿಯ ಮೂಲೆಯೊಂದನ್ನು ಉಜ್ಜಿಕೊಂಡು ಹೋಗುತ್ತದೆ. ಅದನ್ನೇ ಹೋದೆ ಎಂದು ಬರೆದುಕೊಂಡರೆ ಎರಡು ನದಿಗಳು ಕೂಡುವ ಕಣಿವೆಯಲ್ಲಿ ಕುಳಿತಿರುವ ಡೌನಿವಿಲ್ ಎಂಬ ಚೆಂದದ ಊರು ಕೈತಪ್ಪುತ್ತದೆ. ಪೆನ್ಸಿಲ್ ಬಣ್ಣ ಹಾಕುತ್ತದೆ, ಆದರೆ ಮನಸ್ಸಿನಲ್ಲಿ ಏನೂ ಮೂಡಿರುವುದಿಲ್ಲ.

ಹೆಸರುಗಳನ್ನು ನಂಬಿದರೆ ಇನ್ನೂ ಅಪಾಯ. ಶಾಸ್ತಾ ಪರ್ವತ ಇರುವುದು ಶಾಸ್ತಾ ಕೌಂಟಿಯಲ್ಲಲ್ಲ, ಸಿಸ್ಕಿಯೂ ಕೌಂಟಿಯಲ್ಲಿ. ಲ್ಯಾಸನ್ ಶಿಖರ ಲ್ಯಾಸನ್ ಕೌಂಟಿಯಲ್ಲಿಲ್ಲ, ಅದು ಶಾಸ್ತಾ ಕೌಂಟಿಗೆ ಸೇರಿದ್ದು. ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಫ್ರೆಸ್ನೊ ಮತ್ತು ಟುಲೇರಿ ಕೌಂಟಿಗಳಲ್ಲಿದೆ, ಕಿಂಗ್ಸ್ ಕೌಂಟಿ ಎಂಬುದು ಕಣಿವೆಯೂ ಇಲ್ಲದ ಹತ್ತಿ ಹಾಲಿನ ಬಯಲುಸೀಮೆ. ನೆವಾಡಾ ಕೌಂಟಿ ನೆವಾಡಾ ರಾಜ್ಯದಲ್ಲಿಲ್ಲ. ಟಾಹೊ ಸರೋವರಕ್ಕೆ ಹೋಗಿ ಬಂದವರಿಗೆ ಎಲ್ ಡೊರಾಡೊ ಅಥವಾ ಪ್ಲೇಸರ್ ದಕ್ಕುತ್ತದೆ, ಲೇಕ್ ಕೌಂಟಿ ಇರುವುದು ಪಶ್ಚಿಮದಲ್ಲಿ, ಕ್ಲಿಯರ್ ಲೇಕ್ ಸುತ್ತ. ಇವೆಲ್ಲಕ್ಕಿಂತ ಹೆಚ್ಚು ಜನ ಎಡವುವುದು ಯೂಬಾ ಸಿಟಿಯಲ್ಲಿ. ಅದು ಸಟರ್ ಕೌಂಟಿಯ ಕೇಂದ್ರ. ಯೂಬಾ ಕೌಂಟಿ ಬೇಕೆಂದರೆ ಫೆದರ್ ನದಿಯ ಸೇತುವೆ ದಾಟಿ ಆಚೆ ದಡದ ಮೇರಿಸ್‌ವಿಲ್‌ಗೆ ಹೋಗಬೇಕು. ಯೂಬಾ ಸಿಟಿಗೆ ಹೋದವರು ಅಲ್ಲಿನ ಪಂಜಾಬಿ ಕೃಷಿಕರ ನೆಲೆಯನ್ನು, ಗುರುದ್ವಾರವನ್ನು ನೋಡದೆ ಬರಬಾರದು. ಪ್ರತಿ ನವೆಂಬರಿನಲ್ಲಿ ನಡೆಯುವ ನಗರ ಕೀರ್ತನೆ ಎಂಬ ಸಿಖ್ಖರ ಮೆರವಣಿಗೆಗೆ ದೂರದೂರದಿಂದ ಜನ ಸೇರುತ್ತಾರೆ. ದಕ್ಷಿಣ ತುದಿಯ ಇಂಪೀರಿಯಲ್ ಕಣಿವೆಗೂ ಇಂಥದೇ ನಂಟಿದೆ: 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದ ವ್ಯಕ್ತಿ ದಲೀಪ್ ಸಿಂಗ್ ಸೌಂದ್ ಅಲ್ಲಿ ಬೇಸಾಯ ಮಾಡಿದವರು.

ಸುತ್ತುಗಳನ್ನು ಹೀಗೆ ಕಟ್ಟಬಹುದು. ಮೊದಲನೆಯದು ಒಂದು ದಿನದ್ದು, ಕೊಲ್ಲಿಯ ಒಂಬತ್ತು ಕೌಂಟಿ. ಸ್ಯಾನ್ ಹೋಸೆಯಿಂದ ಉತ್ತರಕ್ಕೆ ಸ್ಯಾನ್ ಮಟೇಯೊ, ಸ್ಯಾನ್ ಫ್ರಾನ್ಸಿಸ್ಕೊ, ಗೋಲ್ಡನ್ ಗೇಟ್ ದಾಟಿ ಮರೀನ್, ಹೆದ್ದಾರಿ 37 ಮತ್ತು 121ರಲ್ಲಿ ಸೊನೋಮಾ, ನಾಪಾ, ಅಲ್ಲಿಂದ 29ರಲ್ಲಿ ಇಳಿದು ವಲೇಹೊ ಬಳಿ ಸೊಲಾನೊ, ಕಾರ್ಕೀನೆಜ್ ಸೇತುವೆ ದಾಟಿ ಕಾಂಟ್ರಾ ಕೋಸ್ಟಾ, ಅಲಮೀಡಾ, ಮನೆ. ಒಟ್ಟು ಸುಮಾರು 200 ಮೈಲಿ. ದಿಕ್ಕು ಮುಖ್ಯ. ಪಶ್ಚಿಮದಿಂದ ಹತ್ತಿ ಪೂರ್ವದಿಂದ ಇಳಿದರೆ ಎಲ್ಲೂ ಸೇತುವೆ ಸುಂಕ ಬೀಳುವುದಿಲ್ಲ. ಗೋಲ್ಡನ್ ಗೇಟ್‌ನಲ್ಲಿ ಸುಂಕ ಇರುವುದು ದಕ್ಷಿಣಕ್ಕೆ ಬರುವವರಿಗೆ ಮಾತ್ರ, ಕಾರ್ಕೀನೆಜ್‌ನಲ್ಲಿ ಈಶಾನ್ಯಕ್ಕೆ ಹೋಗುವವರಿಗೆ ಮಾತ್ರ. ತಿರುವುಮುರುವಾಗಿ ಸುತ್ತಿದರೆ ಎರಡೂ ಕಡೆ ಕಟ್ಟಬೇಕು. ಒಂಬತ್ತೂ ಕೇಂದ್ರಗಳಲ್ಲಿ ಗಂಟೆಗಟ್ಟಲೆ ನಿಲ್ಲುವುದು ಈ ಒಂದು ದಿನದಲ್ಲಿ ಆಗದು. ಮನೆಗೆ ಹತ್ತಿರದವು, ಬೇರೆ ದಿನ ಹೋಗಬಹುದು.

ಎರಡನೆಯದೂ ಒಂದೇ ದಿನ: ಸ್ಯಾಂಟಾ ಕ್ರೂಜ್, ಸಲೀನಾಸ್, ಸ್ಯಾನ್ ವಾನ್ ಬಟಿಸ್ಟಾ ಮೂಲಕ ಹಾಲಿಸ್ಟರ್, ಹೆದ್ದಾರಿ 25ರಲ್ಲಿ ಗಿಲ್‌ರಾಯ್‌ಗೆ ವಾಪಸ್.

ಇಡೀ ಹವ್ಯಾಸದ ತಿರುಳು ಇರುವುದು ಹೆದ್ದಾರಿ 49ರಲ್ಲಿ. 1849ರ ಚಿನ್ನದ ಹುಡುಕಾಟದ ನೆನಪಿಗೆ ಆ ಸಂಖ್ಯೆ ಕೊಟ್ಟಿದ್ದಾರೆ. ಮಡೇರಾ ಕೌಂಟಿಯ ಓಕ್‌ಹರ್ಸ್ಟ್‌ನಿಂದ ಪ್ಲೂಮಸ್ ಕೌಂಟಿಯ ವಿಂಟನ್‌ವರೆಗೆ ಸುಮಾರು 300 ಮೈಲಿ, 11 ಕೌಂಟಿ. ಅದರಲ್ಲಿ ಎಂಟು ಕೌಂಟಿ ಕೇಂದ್ರಗಳು ರಸ್ತೆಯ ಮೇಲೆಯೇ ಮಣಿಗಳಂತೆ ಪೋಣಿಸಿಕೊಂಡಿವೆ: ಮ್ಯಾರಿಪೋಸಾ, ಸೊನೋರಾ, ಸ್ಯಾನ್ ಆಂಡ್ರಿಯಾಸ್, ಜ್ಯಾಕ್ಸನ್, ಪ್ಲೇಸರ್‌ವಿಲ್, ಆಬರ್ನ್, ನೆವಾಡಾ ಸಿಟಿ, ಡೌನಿವಿಲ್. ಚಿನ್ನ ಸಿಕ್ಕ ಕಣಿವೆಗೊಂದು ಊರು, ಊರಿಗೊಂದು ನ್ಯಾಯಾಲಯ, ಅದರ ಸುತ್ತ ಒಂದು ಕೌಂಟಿ ಹುಟ್ಟಿದ್ದರಿಂದಲೇ ಇಲ್ಲಿ ಕೌಂಟಿಗಳು ಇಷ್ಟು ಚಿಕ್ಕವು, ಇಷ್ಟು ಒತ್ತೊತ್ತಾಗಿವೆ. ಮೈಲಿ ನೋಡಿ ಒಂದು ದಿನ ಸಾಕು ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಮ್ಯಾರಿಪೋಸಾದಿಂದ ಕೋಲ್ಟರ್‌ವಿಲ್‌ಗೆ ಹೋಗುವಾಗ ಮರ್ಸೆಡ್ ನದಿಯ ಕಣಿವೆಗೆ ಇಳಿದು ಹತ್ತುವ ತಿರುವುಗಳು ನಮ್ಮ ಆಗುಂಬೆ ಘಾಟಿಯನ್ನು ನೆನಪಿಸುತ್ತವೆ, ವೇಗ ಗಂಟೆಗೆ ಮೂವತ್ತು ಮೈಲಿಯೂ ದಾಟದು. ಹಿಂದೆ ಕೂತ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಪೂರ್ತಿ ಸುತ್ತಿಗೆ ಮೂರು ದಿನ ಇಡಿ: ಮೊದಲ ದಿನ ಹೆದ್ದಾರಿ 152 ಮತ್ತು 99ರಲ್ಲಿ ಮರ್ಸೆಡ್, ಮಡೇರಾ ಮುಗಿಸಿ ಮ್ಯಾರಿಪೋಸಾ, ಎರಡನೆಯ ದಿನ ನೆವಾಡಾ ಸಿಟಿಯವರೆಗೆ, ಮೂರನೆಯ ದಿನ ಡೌನಿವಿಲ್, 6,701 ಅಡಿ ಎತ್ತರದ ಬೆಟ್ಟದಾರಿ ಯೂಬಾ ಪಾಸ್, ಕ್ವಿನ್ಸಿ, ಹೆದ್ದಾರಿ 70ರಲ್ಲಿ ಫೆದರ್ ನದಿಯ ಕಣಿವೆ ಹಿಡಿದು ಓರೊವಿಲ್, ಮೇರಿಸ್‌ವಿಲ್, ಯೂಬಾ ಸಿಟಿ. ಹದಿನಾಲ್ಕು ಕೇಂದ್ರಗಳು ಒಂದೇ ಪಯಣದಲ್ಲಿ. ಕಣಿವೆಯ ಆ ರಸ್ತೆ ಮಳೆಗಾಲದಲ್ಲಿ ಕುಸಿಯುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿಗೆ ಮುಚ್ಚುತ್ತದೆ. 2021ರ ಡಿಕ್ಸಿ ಬೆಂಕಿ ಪ್ಲೂಮಸ್ ಕೌಂಟಿಯ ಗ್ರೀನ್‌ವಿಲ್ ಎಂಬ ಊರನ್ನೇ ಸುಟ್ಟುಹಾಕಿತು. ಮೇ ಕೊನೆ ಅಥವಾ ಜೂನ್ ಮೊದಲ ಭಾಗ ಈ ಸುತ್ತಿಗೆ ಹಿತವಾದ ಕಾಲ.

ಉತ್ತರದ ಸುತ್ತಿಗೆ ನಾಲ್ಕೈದು ದಿನ ಬೇಕು. ವುಡ್‌ಲ್ಯಾಂಡ್, ಕಲೂಸಾ, ವಿಲೋಸ್, ರೆಡ್ ಬ್ಲಫ್, ರೆಡಿಂಗ್ ಎಂದು ಬಯಲಲ್ಲಿ ಹತ್ತುತ್ತ ಹೋಗಿ, ಪೂರ್ವಕ್ಕೆ ತಿರುಗಿ ಸೂಸನ್‌ವಿಲ್, ಅಲ್ಟೂರಸ್, ಮತ್ತೆ ಪಶ್ಚಿಮಕ್ಕೆ ವೈರೀಕಾ. ಕಲೂಸಾದಲ್ಲಿ 1861ರ ಬಿಳಿ ಕಂಬಗಳ ನ್ಯಾಯಾಲಯವಿದೆ. ಸೂಸನ್‌ವಿಲ್‌ನಿಂದ ಅಲ್ಟೂರಸ್‌ಗೆ ಹೆದ್ದಾರಿ 395ರಲ್ಲಿ ನೂರು ಮೈಲಿಗೂ ಹೆಚ್ಚು ದೂರ ಹೆಚ್ಚುಕಡಿಮೆ ಏನೂ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಬೇಕು. ವೈರೀಕಾದಿಂದ ಡೆಲ್ ನಾರ್ಟ್ ಕೌಂಟಿಯ ಕ್ರೆಸೆಂಟ್ ಸಿಟಿಗೆ ಹೋಗಲು ಒಳ್ಳೆಯ ರಸ್ತೆ ಒರೆಗಾನ್ ರಾಜ್ಯವನ್ನು ಹಾದು ಬರುತ್ತದೆ: ಗ್ರಾಂಟ್ಸ್ ಪಾಸ್‌ವರೆಗೆ 5, ಅಲ್ಲಿಂದ 199. ನಂತರ ಕರಾವಳಿಯ ಯುರೀಕಾ, 299ರಲ್ಲಿ ಒಳಕ್ಕೆ ವೀವರ್‌ವಿಲ್. ಟ್ರಿನಿಟಿ ಕೌಂಟಿಯಲ್ಲಿ ನಗರಸಭೆ ಇರುವ ಒಂದು ಊರೂ ಇಲ್ಲ. ಆದರೂ ವೀವರ್‌ವಿಲ್‌ನಲ್ಲಿ ಚೀನೀ ಗಣಿ ಕೆಲಸಗಾರರು 1874ರಲ್ಲಿ ಕಟ್ಟಿದ ತಾವೋ ಗುಡಿ ಇಂದಿಗೂ ಪೂಜೆಯಲ್ಲಿದೆ. ಯುಕಾಯಾ, ಲೇಕ್‌ಪೋರ್ಟ್‌ಗಳನ್ನು ಬೇರೊಂದು ವಾರಾಂತ್ಯಕ್ಕೆ ಬಿಡುವುದು ಲೇಸು.

ಪೂರ್ವದ ಸಿಯೆರಾ ನೆವಾಡಾ ಪರ್ವತ ಸಾಲು ಮಾತ್ರ ಕ್ಯಾಲೆಂಡರ್ ಕೇಳುತ್ತದೆ. ಹೆದ್ದಾರಿ 4ರ ಎಬೆಟ್ಸ್ ಪಾಸ್ 8,730 ಅಡಿ, 108ರ ಸೊನೋರಾ ಪಾಸ್ 9,624 ಅಡಿ, 120ರ ಟಯೋಗಾ ಪಾಸ್ 9,943 ಅಡಿ. ಮೂರೂ ಸಾಮಾನ್ಯವಾಗಿ ನವೆಂಬರಿನಲ್ಲಿ ಮುಚ್ಚಿದರೆ ತೆರೆಯುವುದು ಮೇ ಅಥವಾ ಜೂನ್, ಹಿಮ ಹೆಚ್ಚು ಬಿದ್ದ ವರ್ಷ ಇನ್ನೂ ತಡ. ಫೋನಿನ ನಕ್ಷೆ ಹೊರಡುವ ಹೊತ್ತಿಗೆ ತೋರಿಸಿದ ದಾರಿ ಗೇಟಿನ ಮುಂದೆ ನಿಲ್ಲಿಸುವುದುಂಟು. ಹೊರಡುವ ಬೆಳಿಗ್ಗೆ ರಸ್ತೆಗಳ ಸ್ಥಿತಿ ತೋರಿಸುವ ರಾಜ್ಯ ಸಾರಿಗೆ ಇಲಾಖೆಯ ‘ಕ್ವಿಕ್‌ಮ್ಯಾಪ್’ ನೋಡುವುದು ಕಡ್ಡಾಯ ಎಂದುಕೊಳ್ಳಿ.

ಆಲ್ಪೈನ್ ಕೌಂಟಿಯ ಸ್ಥಿತಿ ನೋಡಿ. ಚಳಿಗಾಲದಲ್ಲೂ ಪಶ್ಚಿಮದಿಂದ ಹೆದ್ದಾರಿ 4ರಲ್ಲಿ ಬೇರ್ ವ್ಯಾಲಿಯವರೆಗೆ ಹಿಮ ತೆಗೆದಿರುತ್ತಾರೆ, ಅದು ಆಲ್ಪೈನ್ ಕೌಂಟಿಯೇ. ಆದರೆ ಅಲ್ಲಿಂದ ಮುಂದೆ ಗೇಟು. ಅದೇ ಕೌಂಟಿಯ ಕೇಂದ್ರ ಮಾರ್ಕ್‌ಲೀವಿಲ್‌ಗೆ ಹೋಗಬೇಕೆಂದರೆ ಬೆಟ್ಟ ಇಳಿದು, ಸುತ್ತಿ ಬಂದು, ಹೆದ್ದಾರಿ 88ರ ಕಾರ್ಸನ್ ಪಾಸ್ ಹತ್ತಿ ವುಡ್‌ಫರ್ಡ್ಸ್ ಮೂಲಕ ಇಳಿಯಬೇಕು. ಬೇರ್ ವ್ಯಾಲಿಯ ನಿವಾಸಿಗಳು ತಮ್ಮದೇ ಕೌಂಟಿ ಕಚೇರಿಗೆ ಅರ್ಧ ವರ್ಷ ಹೀಗೆಯೇ ಹೋಗುತ್ತಾರೆ. ಕೇಂದ್ರದ ನಿಯಮ ಹಿಡಿದವರಿಗೆ ಮಾತ್ರ ಇದು ಅರಿವಿಗೆ ಬರುತ್ತದೆ. ಮೋನೊ ಕೌಂಟಿಯ ಬ್ರಿಡ್ಜ್‌ಪೋರ್ಟ್‌ಗೂ ಚಳಿಗಾಲದಲ್ಲಿ ನೆವಾಡಾದ ಮಿಂಡನ್ ಸುತ್ತಿಯೇ ದಾರಿ. ಇನ್ನು ಫ್ರೆಸ್ನೊ ಮತ್ತು ಇನ್ಯೊ ಕೌಂಟಿಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ, ಆದರೆ ಆ ಗಡಿಯನ್ನು ದಾಟುವ ಒಂದು ರಸ್ತೆಯೂ ಇಲ್ಲ. ನಡುವೆ ನಿಂತಿರುವುದು ಪರ್ವತದ ಗೋಡೆ.

ಆದ್ದರಿಂದ ಈ ಭಾಗವನ್ನು ಜುಲೈನಿಂದ ಅಕ್ಟೋಬರ್ ಮೊದಲ ವಾರದೊಳಗೆ ಮಾಡಿ: 88ರಲ್ಲಿ ಮಾರ್ಕ್‌ಲೀವಿಲ್, 89ರ ಮಾನಿಟರ್ ಪಾಸ್ ದಾಟಿ 395, ಅದರಲ್ಲಿ ಬ್ರಿಡ್ಜ್‌ಪೋರ್ಟ್, ಇಂಡಿಪೆಂಡೆನ್ಸ್. ಬ್ರಿಡ್ಜ್‌ಪೋರ್ಟ್‌ನ 1880ರ ಮರದ ನ್ಯಾಯಾಲಯ ಇನ್ನೂ ಬಳಕೆಯಲ್ಲಿದೆ. ಇನ್ಯೊ ಕೌಂಟಿಯ ಪಶ್ಚಿಮ ಗಡಿಯ ಮೇಲೆ 14,505 ಅಡಿಯ ವಿಟ್ನಿ ಶಿಖರವೂ ಇದೆ, ಒಳಗೆ ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್ ಕೂಡ ಇದೆ. ಬ್ಯಾಡ್‌ವಾಟರ್ ಇರುವ ಸುಡುಬಿಸಿಲಿನ ಡೆತ್ ವ್ಯಾಲಿಯನ್ನು ಮಾತ್ರ ಜುಲೈನಲ್ಲಿ ಸೇರಿಸಿಕೊಳ್ಳಬೇಡಿ. ಇಂಪೀರಿಯಲ್ ಕೌಂಟಿಯ ಎಲ್ ಸೆಂಟ್ರೊಗೂ ಜನವರಿ ಫೆಬ್ರವರಿಯೇ ಸರಿ. ದಕ್ಷಿಣದ ಉಳಿದ ಕೇಂದ್ರಗಳು ಸಲೀಸು, ವಾಹನ ದಟ್ಟಣೆಯೊಂದೇ ಅಡ್ಡಿ. ಸ್ಯಾಂಟಾ ಬಾರ್ಬರಾದ 1929ರ ನ್ಯಾಯಾಲಯಕ್ಕೆ ಮಾತ್ರ ಅರ್ಧ ದಿನ ಕೊಡಿ, ಅದರ ಗೋಪುರ ಹತ್ತಿದರೆ ಕೆಂಪು ಹೆಂಚಿನ ಊರು, ಬೆಟ್ಟ, ಕಡಲು ಮೂರೂ ಒಟ್ಟಿಗೆ ಕಾಣುತ್ತವೆ.

ಚಳಿಗಾಲದಲ್ಲಿ ಬೆಟ್ಟ ಹತ್ತುವವರು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಚೈನ್ ನಿಯಮ ತಿಳಿದಿರಬೇಕು. ಫಲಕದಲ್ಲಿ ಆರ್-2 ಎಂದಿದ್ದರೆ ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇರುವ ಫೋರ್ ವೀಲ್ ಡ್ರೈವ್ ಬಿಟ್ಟು ಉಳಿದೆಲ್ಲ ವಾಹನಗಳಿಗೂ ಚೈನ್ ಕಟ್ಟಬೇಕು, ಆ ಫೋರ್ ವೀಲ್ ವಾಹನದಲ್ಲೂ ಚೈನ್ ಇರಲೇಬೇಕು. ಬಾಡಿಗೆ ಕಾರಿನ ಒಪ್ಪಂದಗಳು ಬಹುಮಟ್ಟಿಗೆ ಚೈನ್ ಕಟ್ಟುವುದನ್ನು ನಿಷೇಧಿಸುತ್ತವೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಹೊರಡುವವರು ಇದನ್ನೂ, ನೆವಾಡಾ ದಾಟಲು ಅನುಮತಿ ಇದೆಯೇ ಎಂಬುದನ್ನೂ ಓದಿಕೊಳ್ಳಬೇಕು. ನೆವಾಡಾ ಅಥವಾ ಒರೆಗಾನ್‌ನಿಂದ ಮರಳುವಾಗ ಗಡಿಯಲ್ಲಿ ಕೃಷಿ ತಪಾಸಣಾ ಠಾಣೆ ಇರುತ್ತದೆ, ಹಣ್ಣು ಸೊಪ್ಪು ಇದೆಯೇ ಎಂದು ಕೇಳುತ್ತಾರೆ. ಬುತ್ತಿ ಕಟ್ಟಿಕೊಳ್ಳುವಾಗ ಹಿತ್ತಲ ಕರಿಬೇವನ್ನು ಮನೆಯಲ್ಲೇ ಬಿಡಿ. ಕಿತ್ತಳೆ ನಿಂಬೆ ತೋಟಗಳಿಗೆ ರೋಗ ಹರಡುವ ಸಿಲಿಡ್ ಎಂಬ ಕೀಟ ಕರಿಬೇವಿನಲ್ಲೂ ಬೆಳೆಯುವುದರಿಂದ ರಾಜ್ಯದ ಒಳಗೇ ಅದರ ಸಾಗಾಟಕ್ಕೆ ನಿರ್ಬಂಧದ ವಲಯಗಳಿವೆ. ಒಗ್ಗರಣೆ ಹಾಕಿದ ಚಿತ್ರಾನ್ನಕ್ಕೆ ಅಡ್ಡಿಯಿಲ್ಲ.

ದಾಖಲೆ ಇಡುವುದರಲ್ಲಿ ಸೋಮಾರಿತನ ಮಾಡಿದರೆ ಎರಡನೆಯ ಬಾರಿ ಹೋಗಬೇಕಾಗುತ್ತದೆ. ಗಡಿಯ ಹಸಿರು ಫಲಕ ವೇಗದಲ್ಲಿ ತಪ್ಪಿಹೋಗುತ್ತದೆ, ಚಿಕ್ಕ ರಸ್ತೆಗಳಲ್ಲಿ ಇರುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿದೆ: ಪೋಸ್ಟ್‌ಮೈಲ್. ರಾಜ್ಯ ಹೆದ್ದಾರಿಗಳ ಅಂಚಿನಲ್ಲಿ ಮೊಣಕಾಲೆತ್ತರದ ಬಿಳಿ ಪಟ್ಟಿಗಳ ಮೇಲೆ ಹೆದ್ದಾರಿಯ ಸಂಖ್ಯೆ, ಕೌಂಟಿಯ ಸಂಕ್ಷಿಪ್ತ ಹೆಸರು, ಮೈಲಿ ಇರುತ್ತದೆ. ಮೈಲಿ ಎಣಿಕೆ ಪ್ರತಿ ಕೌಂಟಿಯ ಗಡಿಯಲ್ಲೂ ಸೊನ್ನೆಯಿಂದ ಆರಂಭವಾಗಿ ದಕ್ಷಿಣದಿಂದ ಉತ್ತರಕ್ಕೆ ಅಥವಾ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅದರ ಫೋಟೊ ತೆಗೆದರೆ ಯಾವ ವಾದಕ್ಕೂ ಎಡೆಯಿಲ್ಲ. ಅಕ್ಷರ ಮಾತ್ರ ಗಮನವಿಟ್ಟು ಓದಬೇಕು: ‘ಎಂಒಎನ್’ ಮಾಂಟೆರೆ, ‘ಎಂಎನ್‌ಒ’ ಮೋನೊ, ‘ಎಸ್‌ಬಿ’ ಸ್ಯಾಂಟಾ ಬಾರ್ಬರಾ, ‘ಎಸ್‌ಬಿಡಿ’ ಸ್ಯಾನ್ ಬರ್ನಾರ್ಡಿನೊ, ‘ಎಸ್‌ಬಿಟಿ’ ಸ್ಯಾನ್ ಬೆನಿಟೊ. ದಿನಾಂಕ, ಒಳಹೊಕ್ಕ ಹೆದ್ದಾರಿ, ಪೋಸ್ಟ್‌ಮೈಲ್, ಕೇಂದ್ರದಲ್ಲಿ ಕಂಡದ್ದರ ಬಗ್ಗೆ ಎರಡು ಸಾಲು, ಇಷ್ಟನ್ನು ಅದೇ ರಾತ್ರಿ ಬರೆದಿಡಿ. ಬೆಟ್ಟದ ಕೌಂಟಿಗಳಲ್ಲಿ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ, ಆಫ್‌ಲೈನ್ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಅರ್ಧ ಟ್ಯಾಂಕ್ ಆದೊಡನೆ ತುಂಬಿಸಿ. ಮರುಭೂಮಿಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು.

ಹತ್ತಿರದವನ್ನೆಲ್ಲ ಮುಗಿಸಿ ದೂರದ ನಾಲ್ಕನ್ನು ಕೊನೆಗೆ ಉಳಿಸಿಕೊಳ್ಳುವುದು ಈ ಹವ್ಯಾಸ ಅರ್ಧಕ್ಕೆ ನಿಲ್ಲಲು ಮುಖ್ಯ ಕಾರಣ. ಮೋಡಾಕ್, ಡೆಲ್ ನಾರ್ಟ್, ಆಲ್ಪೈನ್, ಇಂಪೀರಿಯಲ್ ನಾಲ್ಕು ದಿಕ್ಕಿಗೆ ನಾಲ್ಕು. ಒಂದೊಂದಕ್ಕೂ ಬೇರೆ ರಜೆ ಹಾಕಿ ಹೋಗುವ ಹುಮ್ಮಸ್ಸು ಆ ಹೊತ್ತಿಗೆ ಇರುವುದಿಲ್ಲ. ದೂರದ್ದನ್ನು ಮೊದಲ ವರ್ಷವೇ ಮಾಡಿ. ನಡುವೆ ಕಣ್ಣು ತಪ್ಪಿ ಒಂಟಿಯಾಗಿ ಉಳಿಯುವ ಗ್ಲೆನ್, ಸಟರ್, ಕಿಂಗ್ಸ್‌ನಂಥವುಗಳನ್ನು ದಾರಿಯಲ್ಲೇ ಗುಡಿಸಿಕೊಳ್ಳಿ.

ಕೊನೆಯದಾಗಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ಕೇಳಿದರೆ ನಾನು ಹೇಳುವುದು ಮ್ಯಾರಿಪೋಸಾ. ಯೊಸೆಮಿಟಿ ಕಣಿವೆ ಇರುವುದು ಅದೇ ಕೌಂಟಿಯಲ್ಲಾದ್ದರಿಂದ ಬಹಳ ಜನ ಅದನ್ನು ಆಗಲೇ ನೋಡಿದ್ದೇವೆ ಎಂದುಕೊಂಡಿರುತ್ತಾರೆ, ಕೇಂದ್ರಕ್ಕೆ ಹೋಗಿರುವುದಿಲ್ಲ. 1850ರಲ್ಲಿ ಅದು ರಾಜ್ಯದ ಸುಮಾರು ಐದನೇ ಒಂದು ಭಾಗವಾಗಿತ್ತು, ಅದರ ಮೈಯಿಂದಲೇ ಕತ್ತರಿಸಿ ಎಷ್ಟೋ ಕೌಂಟಿಗಳನ್ನು ಮಾಡಿದರು. ಊರಿನ ಮೇಲ್ಬದಿಗೆ 1854ರಲ್ಲಿ ಕಟ್ಟಿದ ಬಿಳಿ ಮರದ ನ್ಯಾಯಾಲಯವಿದೆ, ರಾಜ್ಯದಲ್ಲಿ ಇಂದಿಗೂ ಕಲಾಪ ನಡೆಯುವ ಅತ್ಯಂತ ಹಳೆಯದು. ಶನಿವಾರ ಭಾನುವಾರ ಬಾಗಿಲು ಹಾಕಿರುತ್ತದೆ. ಒಳಗಿನ ಹಳೆಯ ಬೆಂಚುಗಳನ್ನು ನೋಡಬೇಕೆಂದರೆ ಕೆಲಸದ ದಿನ ರಜೆ ಹಾಕಿ ಹೋಗಬೇಕು.